ಕೀಮೋರೇಡಿಯೇಷನ್: ಸ್ತನ ಕ್ಯಾನ್ಸರ್ ಮಿದುಳಿಗೆ ಹರಡಿದಾಗ

ರೇಡಿಯೇಷನ್ ನಡೆಯುತ್ತಿರುವ ದಿನಗಳಲ್ಲೇ ಕೀಮೋ ಔಷಧವನ್ನೂ ಕೊಡುವುದಕ್ಕೆ ಕೀಮೋರೇಡಿಯೇಷನ್ ಎನ್ನುತ್ತಾರೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಇದು ರೂಢಿಯ ಚಿಕಿತ್ಸೆ. ಸ್ತನ ಕ್ಯಾನ್ಸರ್ ಮಿದುಳಿಗೆ ಹರಡಿದಾಗ ಮಾತ್ರ ಲೆಕ್ಕ ಬೇರೆ.

ಮಿದುಳಿನ ರಕ್ತನಾಳಗಳ ಒಳಪದರ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಹೆಚ್ಚಿನ ಕೀಮೋ ಔಷಧಗಳು ಒಳಗೆ ಇಳಿಯುವುದಿಲ್ಲ. ಗಡ್ಡೆಯ ಭಾಗದಲ್ಲಿ ಈ ತಡೆ ಸಡಿಲವಾಗಿರುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ರೇಡಿಯೇಷನ್ ಅದನ್ನು ಇನ್ನಷ್ಟು ಸಡಿಲಿಸೀತು, ಔಷಧವು ಕ್ಯಾನ್ಸರ್ ಕೋಶದ ಡಿಎನ್‌ಎ ರಿಪೇರಿಗೆ ಅಡ್ಡಬಂದು ಕಿರಣದ ಪೆಟ್ಟನ್ನು ಹೆಚ್ಚಿಸೀತು ಎಂಬುದು ಎರಡನ್ನೂ ಕೂಡಿಸುವ ಹಿಂದಿನ ತರ್ಕ.

ಹೆಚ್ಚು ಪರೀಕ್ಷೆಗೊಳಗಾದದ್ದು ಟೆಮೊಜೊಲೊಮೈಡ್ ಎಂಬ ಕೀಮೋ ಕ್ಯಾಪ್ಸೂಲ್. ಇಡೀ ಮಿದುಳಿಗೆ 10 ಕಂತುಗಳಲ್ಲಿ 30 ಗ್ರೇ (ಕಿರಣದ ಪ್ರಮಾಣದ ಅಳತೆ) ಕಿರಣ. ಜೊತೆಗೆ ಪ್ರತಿ ಚದರ ಮೀಟರ್ ಮೈ ವಿಸ್ತೀರ್ಣಕ್ಕೆ ದಿನಕ್ಕೆ 75 ಮಿಲಿಗ್ರಾಂ. 1.6 ಚದರ ಮೀಟರಿನವರಿಗೆ ಅದು 120 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ. ಔಷಧ ಮಿದುಳನ್ನೇನೋ ತಲುಪುತ್ತದೆ, ಆದರೆ ಸ್ತನ ಕ್ಯಾನ್ಸರಿನ ಮೇಲೆ ಅದರ ಸ್ವಂತ ಬಲ ಕಡಿಮೆ. ಸ್ತನ ಕ್ಯಾನ್ಸರ್ ರೋಗಿಗಳಲ್ಲೇ ಹೋಲಿಸಿ ನೋಡಿದಾಗಲೂ ಬರೀ ರೇಡಿಯೇಷನ್‌ಗಿಂತ ಹೆಚ್ಚಿನ ಫಲ ಕಾಣಲಿಲ್ಲ. ಎರಡು ಸೇರಿದರೆ ಇಮ್ಮಡಿ ಗುಣ ಎಂದು ನಂಬುವುದು ಇಲ್ಲಿ ಸಲ್ಲದು.

ಹಾಗಾಗಿ ಗಡ್ಡೆಗಳು ಕೆಲವೇ ಇದ್ದರೆ ಅವುಗಳಿಗಷ್ಟೇ ಗುರಿಯಿಟ್ಟ ಕಿರಣ. ಎರಡು ಸೆಂಟಿಮೀಟರಿನೊಳಗಿನದಕ್ಕೆ ಒಂದೇ ಸಲ 20ರಿಂದ 24 ಗ್ರೇ. ಔಷಧವನ್ನು ಸಾಮಾನ್ಯವಾಗಿ ಆಮೇಲೆ, ಕ್ಯಾನ್ಸರಿನ ಬಗೆ ನೋಡಿ ಆರಿಸುತ್ತಾರೆ. ಹರ್2 ಪಾಸಿಟಿವ್ ಆಗಿದ್ದರೆ, ಅಂದರೆ ಕ್ಯಾನ್ಸರ್ ಕೋಶದ ಮೇಲೆ ಹರ್2 ಎಂಬ ಪ್ರೋಟೀನ್ ಅತಿಯಾಗಿದ್ದರೆ, ಟುಕಾಟಿನಿಬ್, ಟ್ರಾಸ್ಟುಜುಮ್ಯಾಬ್, ಕೆಪೆಸಿಟಬಿನ್ ಮೂರೂ ಸೇರಿ ಮಿದುಳಿನ ಗಡ್ಡೆಗಳ ಮೇಲೂ ಕೆಲಸ ಮಾಡುತ್ತವೆ.

ಟೆಮೊಜೊಲೊಮೈಡನ್ನು ರೇಡಿಯೇಷನ್ ಜೊತೆಗೇ ಕೊಡುವುದಾದರೆ ವಾರಕ್ಕೊಮ್ಮೆ ರಕ್ತಪರೀಕ್ಷೆ ಬೇಕು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 1500ಕ್ಕಿಂತ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದರೆ ಕ್ಯಾಪ್ಸೂಲ್ ತಡೆಹಿಡಿಯುತ್ತಾರೆ. ಮಿದುಳಿನ ಬಾವು ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೂಡ ನಡೆಯುತ್ತಿದ್ದರೆ ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕಿನ ಭಯವಿದೆ. ಅದನ್ನು ತಡೆಯಲು ಕೋ-ಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಡುವುದುಂಟು. ವಾರಗಟ್ಟಲೆ ತೆಗೆದುಕೊಂಡ ಡೆಕ್ಸಾಮೆಥಾಸೋನನ್ನು ಒಮ್ಮೆಲೇ ನಿಲ್ಲಿಸಬಾರದು, ಇಳಿಸುತ್ತ ಬರಬೇಕು.

ಇನ್ನೊಂದು ತೊಡಕು ತಡವಾಗಿ ಬರುತ್ತದೆ. ಕಿರಣ ಬಿದ್ದ ಜಾಗದ ಅಂಗಾಂಶ ತಿಂಗಳುಗಳ ನಂತರ ಸತ್ತು ಊದಿಕೊಳ್ಳಬಹುದು. ಇದು ರೇಡಿಯೇಷನ್ ನೆಕ್ರೋಸಿಸ್. ಹರ್2 ಪಾಸಿಟಿವ್ ಕ್ಯಾನ್ಸರಿಗೆ ಕೊಡುವ ಟಿ-ಡಿಎಂ1 ಔಷಧ ಜೊತೆಗಿದ್ದರೆ ಸಂಭವ ಹೆಚ್ಚು. ಎಂಆರ್‌ಐಯಲ್ಲಿ ಗಡ್ಡೆ ಮತ್ತೆ ಬೆಳೆದಂತೆಯೇ ಕಾಣುವುದರಿಂದ, ರಕ್ತದ ಹರಿವನ್ನು ತೋರಿಸುವ ಪರ್ಫ್ಯೂಷನ್ ಸ್ಕ್ಯಾನ್ ಮಾಡಿಸದೆ, ಕೆಲವೊಮ್ಮೆ ಬಯಾಪ್ಸಿಯನ್ನೂ ಮಾಡದೆ, ಔಷಧ ಸೋತಿತೆಂದು ಬದಲಿಸುವುದು ಅವಸರದ ತೀರ್ಮಾನ.