ಒಂದೇ ಕಾಲು ಊದಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ

ನಮ್ಮ ಕೋಲಾರದ ಕಡೆ ಹೆರಿಗೆಯಾದ ಮನೆಯಲ್ಲಿ ಎರಡು ಕಾನೂನು ಗಟ್ಟಿ. ಬಾಣಂತಿ ಮಂಚ ಬಿಟ್ಟು ಇಳಿಯಬಾರದು, ನೀರು ಜಾಸ್ತಿ ಕುಡಿಯಬಾರದು. ಕುಡಿದರೆ ಹೊಟ್ಟೆ ಬರುತ್ತದಂತೆ! ಹೀಗೇ ಎರಡು ಮೂರು ವಾರ ಕಳೆದು ಒಂದು ಕಾಲು ಊದಿಕೊಂಡು ನೋಯುತ್ತಿದೆ ಅಂದರೆ, ನರ ಹಿಡಿದಿರಬೇಕು ಬಿಡು ಅಂತ ಬಿಸಿ ಎಣ್ಣೆ ಹಚ್ಚಿ ತಿಕ್ಕುವುದಕ್ಕೆ ಕೂರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಕಾಲಿನೊಳಗೆ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಹೆಪ್ಪಿನ ಚೂರು ಕಿತ್ತು ಮೇಲಕ್ಕೆ ಹೋಗಬಹುದು.

ಹೆಪ್ಪುಗಟ್ಟುವುದೇ ತಪ್ಪಲ್ಲ. ಕುಡುಗೋಲು ತಾಗಿದ ಕೈಯಲ್ಲಿ ರಕ್ತ ನಿಲ್ಲುವುದು ಅದರಿಂದಲೇ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಅನ್ನುವ ಸಣ್ಣ ಕಣಗಳು ಬಂದು ಅಂಟಿಕೊಳ್ಳುತ್ತವೆ, ಮೇಲೆ ಫೈಬ್ರಿನ್ ಅನ್ನುವ ಎಳೆಗಳು ಬಲೆ ಹೆಣೆಯುತ್ತವೆ. (ಮೊಸರಿನ ಹೆಪ್ಪಿಗೂ ಇದಕ್ಕೂ ಹೆಸರು ಮಾತ್ರ ಒಂದೇ.) ಗಾಯವಿಲ್ಲದ ಕಡೆ, ರಕ್ತನಾಳದ ಒಳಗೇ ಇದು ಶುರುವಾದರೆ ತೊಂದರೆ. ಹಾಗೆ ಶುರುವಾಗಬೇಕಾದರೆ ರಕ್ತದ ಓಟ ನಿಧಾನವಾಗಿರಬೇಕು, ನಾಳದ ಗೋಡೆಗೆ ಪೆಟ್ಟಾಗಿರಬೇಕು, ಇಲ್ಲವೇ ರಕ್ತವೇ ಬೇಗ ಹೆಪ್ಪಾಗುವಂತಿರಬೇಕು. ಬಾಣಂತಿಗೆ ಮೂರೂ ಒಟ್ಟಿಗೆ ಬರುತ್ತವೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ಬಸುರಿನಲ್ಲೇ ದೇಹ ರಕ್ತವನ್ನು ಹಾಗೆ ತಯಾರು ಮಾಡಿರುತ್ತದೆ, ಹೆರಿಗೆಯಾಗಿ 6 ವಾರದವರೆಗೂ ಅದು ಪೂರ್ತಿ ಇಳಿಯುವುದಿಲ್ಲ, ಅದರ ಮೇಲೆ ಸಿಸೇರಿಯನ್ ಆಗಿದ್ದರೆ ಕುಯ್ದ ಗಾಯ, ಸಾಲದು ಅಂತ ಮಂಚ ಮತ್ತು ನೀರಿನ ಕಾನೂನು.

ಕಾಲಿನ ಆಳದ ರಕ್ತನಾಳದಲ್ಲಿ ಆಗುವುದನ್ನು ಡಾಕ್ಟರು ಡಿವಿಟಿ ಅನ್ನುತ್ತಾರೆ. ಗುರುತು ಅಂದರೆ ಒಂದೇ ಕಾಲು. ಎರಡೂ ಊದಿದ್ದರೆ ಸಾಮಾನ್ಯವಾಗಿ ಕಾರಣ ಬೇರೆ, ಆಗಲೂ ತೋರಿಸಿ. ಮೀನಖಂಡ ನೋಯುತ್ತದೆ, ಮುಟ್ಟಿದರೆ ಬಿಸಿ, ಬಣ್ಣ ಕೆಂಪಗೋ ಕಪ್ಪಗೋ ತಿರುಗಿರುತ್ತದೆ. ಟೈಲರ್ ಟೇಪಿನಲ್ಲಿ ಎರಡೂ ಮೀನಖಂಡ ಅಳೆದಾಗ 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅವತ್ತೇ ಹೋಗಿ. ವ್ಯತ್ಯಾಸ ಇಲ್ಲ ಅಂತ ಸುಮ್ನೆ ಕೂರಲೂ ಆಗುವುದಿಲ್ಲ, ಊತವೇ ಇಲ್ಲದೆ ಹೆಪ್ಪಾಗುವುದೂ ಉಂಟು. ನಾಳದೊಳಗಿನ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ.

ಕಾಲಿನ ಹೆಪ್ಪಿನಿಂದ ಕಿತ್ತ ಚೂರು ಶ್ವಾಸಕೋಶಕ್ಕೆ ಹೋಗಿ ಕೂತರೆ ಇದ್ದಕ್ಕಿದ್ದಂತೆ ಏದುಸಿರು, ಉಸಿರು ಎಳೆದರೆ ಎದೆ ಚುಚ್ಚುವುದು, ಕೆಮ್ಮಿದರೆ ರಕ್ತ, ತಲೆ ತಿರುಗಿ ಬೀಳುವುದು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಮೆದುಳಿನ ರಕ್ತನಾಳದಲ್ಲಿ ಆದರೆ ಬಿಡದ ತಲೆನೋವು, ವಾಂತಿ, ಫಿಟ್ಸ್. ಹಳಬರು ಬಾಣಂತಿ ಸನ್ನಿ ಅನ್ನುತ್ತಿದ್ದುದರಲ್ಲಿ ಕೆಲವು ಇದೇ ಇರಬೇಕು ಅಂತ ನನ್ನ ಅನುಮಾನ.

ಹೃದಯದಿಂದ ಹೊರಡುವ ಅಪಧಮನಿಯಲ್ಲಿ ಹೆಪ್ಪಾಗುವುದು ಬೇರೆ ಜಾತಿ. ಅಲ್ಲಿ ಕಾಲು ಊದುವುದಿಲ್ಲ, ತಣ್ಣಗಾಗಿ ಬಿಳುಚಿಕೊಂಡು ಸಹಿಸಲಾಗದಷ್ಟು ನೋಯುತ್ತದೆ. ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಹೆಚ್ಚಿನವು ಇದರ ಕಡೆಯವೇ.

ಬಾಣಂತಿಯರಿಗೆ ಮಾತ್ರ ಅಂದುಕೊಳ್ಳಬೇಡಿ. ಸೊಂಟದ ಮೂಳೆ ಮುರಿದು ಮಲಗಿದ ಅಜ್ಜ, ಕ್ಯಾನ್ಸರ್ ಇರುವವರು, ಕೆಲವು ಗರ್ಭನಿರೋಧಕ ಮಾತ್ರೆ ನುಂಗುವವರು, ಎಲ್ಲರಿಗೂ ಅಪಾಯ ಜಾಸ್ತಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುವವರು ಹೆದರಬೇಕಿಲ್ಲ, 4 ಗಂಟೆ ಮೀರಿ ಕದಲದೆ ಕೂರುವ ಪ್ರಯಾಣದ ಮಾತು ಬೇರೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯ ಕಥೆ ಹಸು ಕಟ್ಟಿದ ನಮ್ಮ ಜನಕ್ಕೆ ಹತ್ತಿರದ್ದು. ಅಮೆರಿಕದಲ್ಲಿ ಬೂಸಲು ಹಿಡಿದ ಒಣಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು, ಆ ಮೇವಿನ ಅಂಶದ ಬೆನ್ನು ಹತ್ತಿದ್ದರಿಂದಲೇ ವಾರ್ಫರಿನ್ ಬಂತು. ಮೊದಲು ಅದು ಇಲಿ ಪಾಷಾಣ, 1950ರ ದಶಕದಲ್ಲಿ ಮನುಷ್ಯರಿಗೂ ಮಾತ್ರೆಯಾಯಿತು. ವಿಟಮಿನ್ ಕೆ ಕೆಲಸವನ್ನು ತಡೆಯುವುದೇ ಅದರ ಗುಟ್ಟು. ನಮ್ಮ ಮಸ್ಸೊಪ್ಪು, ಬಸ್ಸಾರಿನ ಸೊಪ್ಪಿನಲ್ಲಿ ತುಂಬಿರುವುದು ಅದೇ ವಿಟಮಿನ್ ಅಲ್ವಾ! ಹಾಗಂತ ಸೊಪ್ಪು ಬಿಡಬೇಕಿಲ್ಲ. ದಿನಾ ಒಂದೇ ಸಮ ತಿಂದರಾಯಿತು, ಒಂದು ವಾರ ಮುಟ್ಟದೆ ಮುಂದಿನ ವಾರ ಮೂರು ಹೊತ್ತೂ ಬಸ್ಸಾರು ಹೊಡೆದರೆ ಮಾತ್ರ, ರಕ್ತ ಹೆಪ್ಪಾಗಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಟೆಸ್ಟಿನ ಲೆಕ್ಕ ತಪ್ಪುತ್ತದೆ.