ನಿಮ್ಮ ಕಣ್ಣಿಗೆ ಡವರಾ ಇಲ್ಲ

ಮುಂಬೈಯ ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಹಿರಿಯರೊಬ್ಬರು ನನ್ನ ಹಳೇ ಪೇಷಂಟ್. ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಪ್ರೆಶರ್‌ನಿಂದ ನೋಟದ ನರ ಸಾಯುತ್ತಾ ಹೋಗುವ ರೋಗ. ಒಮ್ಮೆ ಬಂದಾಗ ಎರಡೂ ಕಣ್ಣಿನ ಪ್ರೆಶರ್ 26, ಜಾಸ್ತಿಯೇ. ಡ್ರಾಪ್ಸ್ ಬಿಟ್ಟುಬಿಟ್ಟಿರಾ ಅಂತ ಕೇಳಿದೆ. "ಎಂಥದ್ದು ಡಾಕ್ಟ್ರೇ, ನೀವು ಹೇಳಿದ್ದಕ್ಕಿಂತ ಜಾಸ್ತಿಯೇ ಹಾಕ್ತೇನೆ. ಮೂರು ಮೂರು ಹನಿ" ಅಂದರು. ಹಾಗಾದರೆ ನನ್ನೆದುರೇ ಹಾಕಿ ಅಂದೆ.

ಹಾಕಿದರು. ಬಾಟ್ಲಿಯ ತುದಿ ರೆಪ್ಪೆಗೆ ತಾಗಿತು. ಮೊದಲ ಹನಿ ಮೂಗಿನ ಮೇಲೆ, ಎರಡನೆಯದು ಒಳಗೆ, ಮೂರನೆಯದು ಕೆನ್ನೆಗೆ. ಪಟಪಟ ಕಣ್ಣು ಮಿಟುಕಿಸಿ, ಕರ್ಚೀಫಿನಲ್ಲಿ ಒರೆಸಿಕೊಂಡು "ಆಯ್ತಲ್ಲ" ಅಂದರು.

ಆಗಿದ್ದು ಕರ್ಚೀಫಿಗೆ.

ಇಪ್ಪತ್ತು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ. ಕೆಳರೆಪ್ಪೆ ಎಳೆದಾಗ ಆಗುವ ಪುಟ್ಟ ಜೋಳಿಗೆಯಲ್ಲಿ ಹಿಡಿಸುವುದು ಸುಮಾರು 30 ಮೈಕ್ರೋಲೀಟರ್. ಅದರಲ್ಲೂ ಸ್ವಲ್ಪ ಜಾಗ ಕಣ್ಣೀರಿಗೆ ಹೋಗಿರುತ್ತದೆ. ಬಾಟ್ಲಿಯ ಒಂದು ಹನಿಯೇ ಸಾಮಾನ್ಯವಾಗಿ 30ರಿಂದ 50. ಒಂದಕ್ಕೇ ತುಂಬಿ ಚೆಲ್ಲುತ್ತದೆ.

"ಲೋಟ ತುಂಬಿದ ಮೇಲೂ ಕಾಫಿ ಸುರಿದರೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದೆ.

"ಡವರಾಕ್ಕೆ."

"ನಿಮ್ಮ ಕಣ್ಣಿಗೆ ಡವರಾ ಇಲ್ಲ."

ಚೆಲ್ಲಿದ್ದೆಲ್ಲ ಕೆನ್ನೆಗೇ ಇಳಿಯುವುದಿಲ್ಲ, ಅದೇ ತೊಂದರೆ. ಮೂಗಿನ ಪಕ್ಕ, ಕಣ್ಣಿನ ಒಳಮೂಲೆಯಲ್ಲಿ ಸಣ್ಣ ತೂತುಗಳಿವೆ. ಕಣ್ಣೀರು ಅಲ್ಲಿಂದ ಮೂಗಿಗೆ ಇಳಿಯುತ್ತದೆ. ಔಷಧಿಯೂ ಅದೇ ದಾರಿ ಹಿಡಿದು, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಗಂಟಲು ಕಹಿ ಆಗುವುದು ಇದಕ್ಕೇ. ಗ್ಲಾಕೋಮಾಕ್ಕೆ ಕೊಡುವ ಟಿಮೊಲಾಲ್ ಡ್ರಾಪ್ಸ್ ಆದರೆ ಕಹಿಗೇ ಮುಗಿಯುವುದಿಲ್ಲ. ಅಸ್ತಮಾ ಇದ್ದವರಿಗೆ ಉಬ್ಬಸ ಬರಿಸಬಹುದು, ನಾಡಿ ನಿಧಾನ ಮಾಡಬಹುದು. ಡೊಂಬಿವಲಿಯ ಒಬ್ಬ ಅಕ್ಕ ರಾತ್ರಿಯ ದಮ್ಮಿಗೆ ಮುಂಬೈ ಧೂಳನ್ನು ಬೈದುಕೊಂಡು ಎರಡು ತಿಂಗಳು ಕಳೆದಿದ್ದರು. ಹಳೇ ಅಸ್ತಮಾದ ವಿಷಯ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಡ್ರಾಪ್ಸ್ ಬದಲಾಯಿಸಿದ ಮೇಲೆ ಉಸಿರು ಸರಿಹೋಯಿತು. ಇದನ್ನು ಓದಿ ನೀವೇ ಬಾಟ್ಲಿ ಬಿಸಾಡಬೇಡಿ ಮತ್ತೆ. ನಿಮ್ಮ ಡಾಕ್ಟ್ರನ್ನು ಕೇಳಿ.

ಹಾಕುವುದು ಹೀಗೆ. ಮೇಲೆ ನೋಡಿ, ಕೆಳರೆಪ್ಪೆ ಎಳೆದು, ಒಂದೇ ಹನಿ. ಕಣ್ಣು ಮೆಲ್ಲಗೆ ಮುಚ್ಚಿ. ಹಿಂಡಬೇಡಿ, ಮಿಟುಕಿಸಬೇಡಿ. ಒಳಮೂಲೆಯನ್ನು ಬೆರಳಲ್ಲಿ ಒತ್ತಿ ಎರಡು ನಿಮಿಷ ಸುಮ್ನೆ ಕೂತುಕೊಳ್ಳಿ. ಎರಡು ನಿಮಿಷ ಅಂದರೆ ಎರಡು ನಿಮಿಷ, ಹತ್ತು ಸೆಕೆಂಡ್ ಅಲ್ಲ. ಎರಡನೇ ಔಷಧಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ, ಇಲ್ಲದಿದ್ದರೆ ಮೊದಲನೆಯದನ್ನು ಅದೇ ತೊಳೆದುಬಿಡುತ್ತದೆ. ಠಾಣೆ ದಾಟಿದ ಮೇಲೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಹಾಕಿಕೊಳ್ಳುವವರೊಬ್ಬರಿದ್ದಾರೆ. ಅವರಿಗೆ ನಾನು ಕೈಮುಗಿದಿದ್ದೇನೆ.

"ಇಷ್ಟು ಹಾಕಿದರೂ ಕಣ್ಣೇನೂ ಜಾಸ್ತಿ ಕಾಣಲ್ಲ" ಅನ್ನುವ ದೂರೂ ಇದೆ. ಕಾಣುವುದಿಲ್ಲ. ಸತ್ತ ನರವನ್ನು ಈ ಔಷಧಿ ಎಬ್ಬಿಸುವುದಿಲ್ಲ. ಪ್ರೆಶರ್ ಇಳಿಸಿ, ಉಳಿದಿರುವುದನ್ನು ಕಾಯುತ್ತದೆ ಅಷ್ಟೇ.

ಕಣ್ಣಿನ ಹಿಂಭಾಗದ ಪರದೆಯನ್ನೇ (ರೆಟಿನಾ) ಉಳಿಸುವ ಡ್ರಾಪ್ಸ್ ಬಂದಿದೆಯಂತೆ ಅಂತ ವಾಟ್ಸಾಪ್ ತೋರಿಸುವವರೂ ಬರುತ್ತಾರೆ. ಪ್ರಯೋಗಗಳು ನಡೆದಿವೆ, ಇಲಿಗಳಲ್ಲಿ ಒಳ್ಳೇ ಸೂಚನೆಗಳೂ ಇವೆ. ಆದರೆ ಮುಂದೆ ಹಾಕಿದ ಹನಿ ಹಿಂದಿನ ಪರದೆವರೆಗೆ ಸಾಕಷ್ಟು ತಲುಪುವುದು ಕಷ್ಟ. ಆ ಪರದೆಯ ನಡುಭಾಗ ಮ್ಯಾಕ್ಯುಲಾದಲ್ಲಿ ನೀರು ತುಂಬಿದವರ ಕಣ್ಣಿಗೆ ಇವತ್ತಿಗೂ ಇಂಜೆಕ್ಷನ್ ಕೊಡುವುದು ನಮಗೇನೂ ಹುಚ್ಚು ಹಿಡಿದು ಅಲ್ಲ.

ಹೋಟೆಲಿನವರು ಆರು ವಾರ ಬಿಟ್ಟು ಬಂದರು. ಅದೇ ಔಷಧಿ, ಪ್ರೆಶರ್ 17. ಮುಖ ಮಾತ್ರ ಸಪ್ಪೆ. ಮೊದಲು ಎರಡು ವಾರಕ್ಕೆ ಖಾಲಿ ಆಗುತ್ತಿದ್ದ ಬಾಟ್ಲಿ ಈಗ ತಿಂಗಳಾದರೂ ಮುಗಿಯುತ್ತಿಲ್ಲವಂತೆ. "ಕಡಿಮೆ ಹಾಕ್ತಾ ಇಲ್ಲ ಅಲ್ವಾ ಡಾಕ್ಟ್ರೇ ನಾನು?"