ಕಾರು ತಾನಾಗಿ ಬ್ರೇಕ್ ಹಾಕುವುದನ್ನು ನಿಲ್ಲಿಸಬಹುದೇ?

ಪ್ರಶ್ನೆ: ಹೊಸ ಕಾರಿನಲ್ಲಿ ಅಡಾಸ್ (ಕ್ಯಾಮೆರಾ, ರೇಡಾರ್ ಮೂಲಕ ರಸ್ತೆ ನೋಡಿ ಚಾಲಕರಿಗೆ ನೆರವಾಗುವ ವ್ಯವಸ್ಥೆ) ಇದೆ. ಔಟರ್ ರಿಂಗ್ ರೋಡಿನಲ್ಲಿ ಬೈಕಿನವರು ಅಡ್ಡ ನುಗ್ಗಿದಾಗಲೆಲ್ಲ ಕಾರು ತಾನೇ ಬ್ರೇಕ್ ಹಾಕುತ್ತದೆ. ಹಿಂದಿನವರು ಬಂದು ಗುದ್ದಿಬಿಟ್ಟರೆ ಎಂಬ ಭಯ. ಇದನ್ನು ಪೂರ್ತಿ ಆಫ್ ಮಾಡಬಹುದೇ? ಅಥವಾ ಬ್ರೇಕ್ ಬಿದ್ದಾಗ ಆಕ್ಸಿಲರೇಟರ್ ಒತ್ತಿದರೆ ಸಾಕೇ?

ಉತ್ತರ: ಬಹುತೇಕ ಕಾರುಗಳಲ್ಲಿ ಎರಡೂ ಸಾಧ್ಯ. ಆದರೆ ಮೆನುಗೆ ಕೈ ಹಾಕುವ ಮೊದಲು ಬ್ರೇಕ್ ಹಾಕುತ್ತಿರುವುದು ಯಾವುದು ಅಂತ ನೋಡಿಕೊಳ್ಳಿ. ಬಹಳ ಸಲ ಅದು ಎಮರ್ಜೆನ್ಸಿ ಬ್ರೇಕ್ ಆಗಿರುವುದಿಲ್ಲ, ಮುಂದಿನ ಗಾಡಿಯಿಂದ ಅಂತರ ಬಿಟ್ಟು ವೇಗವನ್ನು ತಾನೇ ನೋಡಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಆಗಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕ್ರೂಸ್ 2 ಸೆಕೆಂಡಿನ ಅಂತರ ಬಿಟ್ಟರೆ ಮುಂದೆ 33 ಮೀಟರ್ ಖಾಲಿ ಜಾಗ. ಮಾರತ್ತಹಳ್ಳಿ ಕಡೆ ಅಷ್ಟು ಜಾಗ ಕಂಡರೆ ಒಂದು ಆಟೋ, ಎರಡು ಬೈಕು ನುಗ್ಗಿಯೇ ನುಗ್ಗುತ್ತವೆ. ಪ್ರತಿ ಸಲವೂ ಕಾರು ಹೊಸದಾಗಿ ಅಂತರ ಮಾಡಿಕೊಳ್ಳಲು ವೇಗ ಇಳಿಸುತ್ತದೆ. ಇದಕ್ಕೆ ಮದ್ದು ಸುಲಭ: ಊರೊಳಗೆ ಕ್ರೂಸ್ ಹಾಕಬೇಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲದ ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥಕ್ಕೆ ಅದನ್ನು ಇಟ್ಟುಕೊಳ್ಳಿ.

ಎಮರ್ಜೆನ್ಸಿ ಬ್ರೇಕಿನ ವರಸೆಯೇ ಬೇರೆ. ಸ್ಟೀರಿಂಗ್ ಹಿಂದಿನ ಮೀಟರ್ ಫಲಕದಲ್ಲಿ (ಕ್ಲಸ್ಟರ್) ಎಚ್ಚರಿಕೆಯ ಚಿತ್ರ, ಜೋರು ಬೀಪ್, ಆಮೇಲೆ ಗಟ್ಟಿ ಬ್ರೇಕ್. ಕಾರುಗಳ ಎಮರ್ಜೆನ್ಸಿ ಬ್ರೇಕ್ ಕುರಿತ ವಿಶ್ವಸಂಸ್ಥೆಯ 152ನೇ ನಿಯಮದ ಪ್ರಕಾರ ಈ ಬ್ರೇಕ್ ಪ್ರತಿ ಸೆಕೆಂಡಿಗೆ ಕನಿಷ್ಠ ಗಂಟೆಗೆ 18 ಕಿ.ಮೀ.ನಷ್ಟು ವೇಗ ಇಳಿಸುವಂತಿರಬೇಕು. ಅಂದರೆ 40ರಲ್ಲಿ ಹೋಗುತ್ತಿದ್ದ ಕಾರು ಎರಡು ಸೆಕೆಂಡು ಚಿಲ್ಲರೆಯಲ್ಲಿ ನಿಂತುಬಿಡುತ್ತದೆ. ನಿಮ್ಮ ಹಿಂದಿರುವವರಿಗೆ ಬ್ರೇಕ್ ಲೈಟ್ ಎಂದಿನಂತೆ ಕಾಣುತ್ತದೆ.

ಬ್ರೇಕ್ ಬಿದ್ದ ಮೇಲೆ ಬಿಡಿಸಲು ಆಕ್ಸಿಲರೇಟರನ್ನು ಗಟ್ಟಿಯಾಗಿ ತಳದವರೆಗೆ ಒತ್ತಬೇಕು, ಇಲ್ಲವೇ ಸ್ಟೀರಿಂಗನ್ನು ಸರಕ್ಕನೆ ತಿರುಗಿಸಬೇಕು. ಎರಡರಲ್ಲಿ ಯಾವುದಾದರೂ ಆದರೆ, ಚಾಲಕರು ಬೇಕೆಂದೇ ಮಾಡುತ್ತಿದ್ದಾರೆ ಎಂದು ತಿಳಿದು ಹೆಚ್ಚಿನ ಕಾರುಗಳು ಬ್ರೇಕ್ ಬಿಡುತ್ತವೆ. ಸುಮ್ಮನೆ ಕಾಲು ತಾಗಿಸಿದರೆ ಸಾಲದು. ಆದರೆ ಇದನ್ನು ರೂಢಿ ಮಾಡಿಕೊಳ್ಳಬೇಡಿ, ದಯವಿಟ್ಟು. ನಿಂತ ಬಿಎಂಟಿಸಿ ಬಸ್ಸಿನ ಮುಂದಿನಿಂದ ರಸ್ತೆಗೆ ಇಳಿದವರು ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಾರಿಗೆ ಕಂಡಿರಬಹುದು. ಎದುರಿನ ರಸ್ತೆ ಪೂರ್ತಿ ಖಾಲಿ ಇದೆ ಎಂದು ಕಣ್ಣಾರೆ ಕಂಡರೆ ಮಾತ್ರ ಒತ್ತಿ. ಇನ್ನೊಂದು ಮಾತು: ಕಾರು ತಾನಾಗಿ ನಿಂತ ಮೇಲೆ ಅನೇಕ ಮಾಡೆಲ್‌ಗಳಲ್ಲಿ ಸುಮಾರು 2 ಸೆಕೆಂಡಿಗೆ ಬ್ರೇಕ್ ಸಡಿಲವಾಗುತ್ತದೆ. ಆಟೋಮ್ಯಾಟಿಕ್ ಆದರೆ ಮೆಲ್ಲಗೆ ಮುಂದೆ ಹರಿಯುತ್ತದೆ. ನಿಂತ ಕೂಡಲೇ ಬ್ರೇಕ್ ಪೆಡಲ್ ಒತ್ತಿಹಿಡಿಯಿರಿ.

ಆಫ್ ಮಾಡುವುದಾದರೆ ಗಾಡಿ ನಿಲ್ಲಿಸಿ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಡ್ರೈವರ್ ಅಸಿಸ್ಟೆನ್ಸ್, ಅದರೊಳಗೆ ಮುಂಬದಿ ಸುರಕ್ಷತೆಯ ಸಾಲು. ಹಲವು ಕಾರುಗಳಲ್ಲಿ ಅಲ್ಲಿ ಮೂರು ಆಯ್ಕೆ ಸಿಗುತ್ತವೆ: ಬ್ರೇಕ್ ಸಹಿತ, ಎಚ್ಚರಿಕೆ ಮಾತ್ರ, ಪೂರ್ತಿ ಆಫ್. ಆಫ್ ಮಾಡಿದರೆ ಕ್ಲಸ್ಟರಿನಲ್ಲಿ ಹಳದಿ ದೀಪ ಉರಿಯುತ್ತಿರುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ತಾನೇ ಮತ್ತೆ ಆನ್ ಆದರೆ ಅದು ದೋಷವಲ್ಲ, ಅದೇ 152ನೇ ನಿಯಮ ಹಾಗೆ ಹೇಳುತ್ತದೆ. ನಮ್ಮ ಸಲಹೆ ಕೇಳುವುದಾದರೆ, ಬ್ರೇಕ್ ಹಾಗೇ ಇರಲಿ, ವಾರ್ನಿಂಗ್ ಟೈಮಿಂಗ್ ಮಾತ್ರ ‘ಲೇಟ್’ಗೆ ಇಡಿ. ದಿನವಿಡೀ ಕಿವಿ ಕೊರೆಯುವ ಬೀಪ್ ಕಡಿಮೆಯಾಗುತ್ತದೆ. ಟೋಯಿಂಗ್, ಆಟೋಮ್ಯಾಟಿಕ್ ಕಾರ್ ವಾಶ್, ಬ್ರೇಕ್ ಪರೀಕ್ಷೆಯ ರೋಲರ್, ಇಂಥ ಕಡೆ ಮಾತ್ರ ಪೂರ್ತಿ ಆಫ್ ಮಾಡಬೇಕು.

ಕಾರಣವೇ ಇಲ್ಲದೆ ಬ್ರೇಕ್ ಬೀಳುತ್ತಿದ್ದರೆ ಮೊದಲು ಗಾಜು, ಬಂಪರ್ ನೋಡಿ. ಕ್ಯಾಮೆರಾ ಇರುವುದು ಒಳಗನ್ನಡಿಯ ಹಿಂದೆ, ಗಾಜಿನ ಮೇಲ್ಭಾಗದಲ್ಲಿ. ಫಾಸ್ಟ್ಯಾಗ್ ಅಂಟಿಸುವುದೂ ಅಲ್ಲಿಯೇ! ಕ್ಯಾಮೆರಾದ ಮುಂದಿನ ಗಾಜಿಗೆ ಅದು ಅಡ್ಡ ಬರಬಾರದು. ಗಾಜು ಬದಲಿಸಿದ್ದರೆ ಕ್ಯಾಮೆರಾದ ದಿಕ್ಕು ಸರಿಹೊಂದಿಸುವ ಕ್ಯಾಲಿಬ್ರೇಷನ್ ಆಗಲೇಬೇಕು. ರೇಡಾರ್ ಲೋಗೋ ಹಿಂದೆಯೋ ಬಂಪರಿನ ಕೆಳಭಾಗದಲ್ಲೋ ಇರುತ್ತದೆ. ಆಯುಧಪೂಜೆಗೆ ಕಟ್ಟಿದ ಒದ್ದೆ ಹೂವಿನ ಹಾರ ಅದರ ಮೇಲೆ ಬಿದ್ದರೆ ನೀರಿನಂಶ ರೇಡಾರ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಪೂಜೆ ಮುಗಿದ ಮೇಲೆ ಹಾರ ಪಕ್ಕಕ್ಕೆ ಸರಿಸಿ, ಲೋಗೋಗೆ ಹಚ್ಚಿದ ಕುಂಕುಮ ಒರೆಸಿ. ಬಂಪರ್ ಗಾರ್ಡ್ ಹಾಕಿಸಿದ್ದರೆ ತೆಗೆಸಿ. ಟಿಂಕರಿಂಗ್ ಅಂಗಡಿಯವರು ರೇಡಾರ್ ಮುಂದೆ ಪುಟ್ಟಿ ಮೆತ್ತಿ ದಪ್ಪ ಪೇಂಟ್ ಹೊಡೆದಿದ್ದರೂ ತೊಂದರೆಯೇ. ಇವೆಲ್ಲ ಸರಿಯಿದ್ದರೂ ತಿರುವಿನಲ್ಲಿ ಮೆಟ್ರೋ ಕಂಬವೋ ಬ್ಯಾರಿಕೇಡೋ ನೇರ ಎದುರು ಬಂದಾಗ ಕಾರು ಒಮ್ಮೊಮ್ಮೆ ಬೆಚ್ಚುವುದುಂಟು.

ಫ್ಯೂಸ್ ಕೀಳುವ ಉಪಾಯಕ್ಕೆ ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಹೆಚ್ಚಿನ ಕಾರುಗಳಲ್ಲಿ ಈ ಬ್ರೇಕನ್ನು ಒತ್ತುವುದು ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಪಂಪ್. ಅದರ ಫ್ಯೂಸ್ ತೆಗೆದರೆ ಎಬಿಎಸ್ಸೂ ಹೋಯಿತು, ಕಾರು ಅಡ್ಡ ಜಾರದಂತೆ ಹಿಡಿಯುವ ಇಎಸ್‌ಸಿಯೂ ಹೋಯಿತು. ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಬದಲಿಗೆ ಸುಳ್ಳು ಬ್ರೇಕ್ ಬಿದ್ದ ಜಾಗ, ವೇಗ, ಹೊತ್ತು, ಎದುರು ಬಿಸಿಲಿತ್ತೇ ಎಂಬುದನ್ನು ಬರೆದಿಡಿ. ಡ್ಯಾಶ್‌ಕ್ಯಾಮ್ ವಿಡಿಯೊ ಇದ್ದರೆ ತೆಗೆದಿಟ್ಟುಕೊಳ್ಳಿ. ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡಿಗೆ ‘ರೇಡಾರ್, ಕ್ಯಾಮೆರಾ ಅಲೈನ್‌ಮೆಂಟ್ ತಪಾಸಣೆ’ ಎಂದು ಸ್ಪಷ್ಟವಾಗಿ ಬರೆಸಿ, ಸ್ಕ್ಯಾನ್ ವರದಿಯ ಪ್ರತಿ ಕೇಳಿ ಪಡೆಯಿರಿ.